ಸಾವಂತರಿಗೆ ನಾವು ಮೂವರೂ ಒಬ್ಬಳೇ

ಇದು ೨೦೦೬ನೇ ಇಸವಿಯ ಮಾತು. ಆಗ ನಾನು ಕುಮಟಾದಲ್ಲಿ ಒಂದು ಪಾರ್ಸೆಲ್ ಕಂಪನಿಯ ಬುಕಿಂಗ್ ಆಫೀಸಿನ ಇನ್‌ಚಾರ್ಜ್ ಆಗಿದ್ದೆ. ಇನ್‌ಚಾರ್ಜ್ ಅಂದರೆ ಭಾರಿ ಪೋಸ್ಟ್ ಎಂದುಕೊಳ್ಳಬೇಡಿ. ಬಸ್ ಸ್ಟ್ಯಾಂಡ್ ಹತ್ತಿರ ಶಟರ್ ಹಾಕುವ ಒಂದು ಕೋಣೆ, ಒಂದು ತೂಕದ ಮಷಿನ್, ಒಂದು ಕಂಪ್ಯೂಟರ್, ಬೆಳಿಗ್ಗೆ ಪಾರ್ಸೆಲ್ ತೆಗೆದುಕೊಂಡು ಹೋದರೆ ಊಟದ ಹೊತ್ತಿನ ತನಕ ಮುಖ ತೋರಿಸದ ಇಬ್ಬರು ಡೆಲಿವರಿಯವರು. ಉಳಿದದ್ದೆಲ್ಲ ನಾನೇ. ಕುಮಟಾ ಹತ್ತಿರದ ಕಾಗಾಲದ ಮನೆಯಲ್ಲಿ ಅಮ್ಮ ಮತ್ತು ನಾನು. ನಾನು ಮದುವೆಯಾಗಲಿಲ್ಲ. ಯಾಕೆ ಎಂಬುದು ಬೇರೆಯೇ ಕತೆ, ಅದು ಇಲ್ಲಿ ಬೇಡ. ಸಣ್ಣವಳಿದ್ದಾಗ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಓದಿದ್ದೆ. ಸಿಸ್ಟರ್‌ಗಳು ಕಲಿಸಿದ ಆ ಇಂಗ್ಲಿಷೇ ಕೊನೆಯವರೆಗೆ ನನಗೆ ಅನ್ನ ಹಾಕಿತು.

ನಮ್ಮ ಕಂಪನಿಗೆ ಹೊನ್ನಾವರದಲ್ಲಿ ಒಂದು, ಭಟ್ಕಳದಲ್ಲಿ ಒಂದು ಸಬ್ ಆಫೀಸ್ ಇತ್ತು. ಹೊನ್ನಾವರದಲ್ಲಿ ಸುಜಾತಾ ಕೂರುತ್ತಿದ್ದಳು. ಗಂಡ ಗೋವಾದಲ್ಲಿ ಹೋಟೆಲ್ ಕೆಲಸಕ್ಕಿದ್ದ, ಮನೆಯಲ್ಲಿ ಎರಡು ವರ್ಷದ ಮಗಳು ಪುಟ್ಟಿ. ಭಟ್ಕಳದಲ್ಲಿ ಜುಬೇದಾ, ಕಾಲೇಜು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿ. ಮುಂಬಯಿಯ ಹೆಡ್ ಆಫೀಸಿನವರು ಪಾರ್ಸೆಲ್ ವಿಚಾರಣೆಗೆಂದು ಒಂದು ಈಮೇಲ್ ಅಕೌಂಟ್ ಮಾಡಿ ಕೊಟ್ಟರು. ಅದು ಕುಮಟಾ ಆಫೀಸಿಗೆ ಮಾತ್ರ. ಸಬ್ ಆಫೀಸಿನವರು ಏನಿದ್ದರೂ ನನಗೆ ಫೋನ್ ಮಾಡಿ ಹೇಳಬೇಕು, ನಾನು ಮುಂಬಯಿಗೆ ಬರೆಯಬೇಕು. ಆಮೇಲೆ ಅದೇ ಅಕೌಂಟಿನಿಂದ ತೆರೆಯುವ ಚಾಟ್ ಸಾಫ್ಟ್‌ವೇರ್ ಬಂತು. ಇಲ್ಲಿ ಟೈಪ್ ಮಾಡಿದರೆ ಅಲ್ಲಿ ಆ ಕ್ಷಣಕ್ಕೇ ಕಾಣುವುದು, ನಾವು ಕುಳಿತಿದ್ದೇವೆ ಎಂಬುದಕ್ಕೆ ಹೆಸರಿನ ಪಕ್ಕ ಒಂದು ಹಸಿರು ದೀಪ. ಭಟ್ಕಳದಲ್ಲಿ ಕಳೆದುಹೋದ ಪಾರ್ಸೆಲ್ಲಿನ ವಿಷಯ ಜುಬೇದಾ ನನಗೆ ಹೇಳಿ, ನಾನು ಮುಂಬಯಿಗೆ ಹೇಳಿ, ಅವರು ಮತ್ತೆ ನನ್ನನ್ನು ಕೇಳಿ, ಅಷ್ಟರಲ್ಲಿ ಗಿರಾಕಿ ಕೌಂಟರಿನ ಮೇಲೆ ಕೈ ಬಡಿಯುತ್ತಿದ್ದ. ಕೊನೆಗೆ ನಾನು ಇಬ್ಬರಿಗೂ ಪಾಸ್‌ವರ್ಡ್ ಕೊಟ್ಟುಬಿಟ್ಟೆ. ಕೆಲಸ ಸುಸೂತ್ರವಾಗಿ ಸಾಗಿತು.

ಒಂದೇ ತೊಂದರೆ. ಒಬ್ಬರು ಒಳಗೆ ಬಂದರೆ ಆ ಸಾಫ್ಟ್‌ವೇರ್ ಇನ್ನೊಬ್ಬರನ್ನು ಹೊರಗೆ ಹಾಕುತ್ತಿತ್ತು. ಅದಕ್ಕೆ ನಾವು ಸರದಿ ಮಾಡಿಕೊಂಡೆವು. ಬೆಳಿಗ್ಗೆ ಕುಮಟಾ, ಮಧ್ಯಾಹ್ನ ಹೊನ್ನಾವರ, ಇಳಿಹೊತ್ತು ಭಟ್ಕಳ. ಸರದಿ ಮುಗಿಸಿದವರು ಮುಂದಿನವರ ಫೋನಿಗೆ ಒಂದು ರಿಂಗ್ ಕೊಡಬೇಕು. ಏನಾದರೂ ಹೇಳುವುದಿದ್ದರೆ ಎರಡು ರಿಂಗ್, ಆಗ ಎತ್ತಿ ಮಾತಾಡಬೇಕು. ಯಾಕೆಂದರೆ ಮಾತಾಡಿದ್ದು ಅವರವರ ಕಂಪ್ಯೂಟರಿನಲ್ಲೇ ಉಳಿಯುತ್ತಿತ್ತು. ನಾನು ಬರೆದದ್ದು ಸುಜಾತಾಗೆ ಕಾಣದು, ಸುಜಾತಾ ಬರೆದದ್ದು ಜುಬೇದಾಗೆ ಕಾಣದು.

ಮುಂಬಯಿಯ ಕಡೆ ಕೂರುತ್ತಿದ್ದವರು ಸಾವಂತ್ ಎಂಬವರು. ನಾವು ಯಾರೂ ಅವರನ್ನು ನೋಡಿದವರಲ್ಲ. ಅವರ ಲೆಕ್ಕದಲ್ಲಿ ಎಲ್ಲವನ್ನೂ ಬರೆಯುವವಳು ಕುಮಟಾದ ಒಬ್ಬಳೇ ಮೇಡಂ. ಪಾರ್ಸೆಲ್ ವಿಷಯ ಮುಗಿದ ಮೇಲೆ ಅವರು ಒಂದೆರಡು ಕುಶಲದ ಮಾತು ಬರೆಯುತ್ತಿದ್ದರು. ನಾನು ಒಮ್ಮೆ ಅಮ್ಮನ ಕಣ್ಣಿನ ಆಪರೇಷನ್ನಿಗೆ ರಜೆ ಬೇಕು ಎಂದು ಬರೆದಿದ್ದೆ. ಆಮೇಲೆ ವಾರಕ್ಕೊಮ್ಮೆಯಾದರೂ "ಮದರ್ಸ್ ಐ ಓಕೆ?" ಎಂದು ಕೇಳುತ್ತಿದ್ದರು. ಕಾಗಾಲದಲ್ಲಿ ನಮ್ಮ ಸ್ವಂತ ನೆಂಟರೂ ಅಷ್ಟು ಸಲ ಕೇಳಿರಲಿಲ್ಲ.

ಆ ವರ್ಷದ ರಂಜಾನಿನಲ್ಲಿ ಒಂದು ತಮಾಷೆಯಾಯಿತು. ಬೆಳಿಗ್ಗೆ ಅವರು "ಬ್ರೇಕ್‌ಫಾಸ್ಟ್ ಆಯಿತಾ ಮೇಡಂ" ಎಂದು ಕೇಳಿದ್ದಕ್ಕೆ ನಾನು, "ಇಡ್ಲಿ ತಿಂದೆ, ನೌ ಟೀ ಕುಡಿಯುತ್ತಿದ್ದೇನೆ" ಎಂದು ಬರೆದೆ. ಸಂಜೆ ಅದೇ ಮನುಷ್ಯ ಜುಬೇದಾಗೆ "ಟೀ ಟೈಮ್ ಮೇಡಂ" ಎಂದಿದ್ದಾರೆ. ಅವಳು, "ಐ ಆಮ್ ಫಾಸ್ಟಿಂಗ್ ಸರ್, ಸೂರ್ಯ ಮುಳುಗುವ ತನಕ ನೀರೂ ಇಲ್ಲ" ಎಂದು ಬರೆದಿದ್ದಾಳೆ. ಮರುದಿನ ನಾವು ಫೋನಿನಲ್ಲಿ ನಕ್ಕಿದ್ದೇ ನಕ್ಕಿದ್ದು.

"ಮಂದಕ್ಕಾ, ಅವರಿಗೆ ನಮ್ಮ ಮೇಡಂ ಇಡ್ಲಿ ತಿಂದು ಉಪವಾಸ ಹಿಡೀತಾಳೆ ಅಂತ ಆಗಿರ್ತದೆ" ಎಂದಳು ಸುಜಾತಾ. ನನ್ನ ಹೆಸರು ಮಂದಾಕಿನಿ, ಅವಳಿಗೆ ಮಂದಕ್ಕ.

"ಇರಲಿ ಬಿಡೆ. ಕೇಳಿದರೆ ಹೇಳುವ" ಎಂದೆ. ಸಾವಂತರು ಕೇಳಲೇ ಇಲ್ಲ.

ಆ ದಿನಗಳಲ್ಲೇ ಪುಟ್ಟಿಯ ಕಾಯಿಲೆ ಜೋರಾಯಿತು. ಹುಟ್ಟುವಾಗಲೇ ಅವಳ ಹಾರ್ಟಿನಲ್ಲಿ ತೂತಿತ್ತು. ಸ್ವಲ್ಪ ಅತ್ತರೆ ತುಟಿ, ಉಗುರು ನೇರಳೆ ಹಣ್ಣು ತಿಂದ ಹಾಗೆ ಆಗುತ್ತಿದ್ದವು. ಆಪರೇಷನ್ ಬೇಗ ಆಗಬೇಕು, ಇನ್ನೊಂದು ಮಳೆಗಾಲದ ತನಕ ಕಾಯಬೇಡಿ ಎಂದು ಡಾಕ್ಟರು ಹೇಳಿದ್ದರು. ಮುಂಬಯಿಯಲ್ಲಿ ಇಂಥ ಮಕ್ಕಳಿಗೆಂದೇ ಒಂದು ಧರ್ಮಾಸ್ಪತ್ರೆ ಇದೆ, ಆದರೆ ಅಲ್ಲಿ ಹೆಸರು ಹಚ್ಚಿಸಿ ಕಾಯುವವರೇ ಬಹಳ ಎಂದೂ ಹೇಳಿದ್ದರು. ಸುಜಾತಾ ಒಂದು ಮಧ್ಯಾಹ್ನ ಯಾವುದೋ ಪಾರ್ಸೆಲ್ಲಿನ ಉತ್ತರ ತಡವಾದದ್ದಕ್ಕೆ, "ಸಾರಿ ಸರ್, ಬೇಬಿ ಇಲ್, ಹಾರ್ಟ್ ಪ್ರಾಬ್ಲೆಮ್" ಎಂದು ಸಾವಂತರಿಗೆ ಬರೆದಳು.

ಮರುದಿನ ಬೆಳಿಗ್ಗೆ ನಾನು ಕಂಪ್ಯೂಟರ್ ಹಾಕಿ ಕೂತದ್ದೇ ತಡ, ಅಕ್ಷರ ಮೂಡಿತು. "ಹೌ ಈಸ್ ಯುವರ್ ಬೇಬಿ ಮೇಡಂ?"

ನನ್ನ ಬೆರಳು ಕೀಬೋರ್ಡಿನ ಮೇಲೇ ನಿಂತಿತು. ಐವತ್ತಾರು ವರ್ಷದಲ್ಲಿ ಯಾರೂ ನನ್ನನ್ನು ಕೇಳದ ಪ್ರಶ್ನೆ. ನಾವು ಮೂವರಿದ್ದೇವೆ ಎಂದು ಬರೆದರೆ ಪಾಸ್‌ವರ್ಡ್ ಕೊಟ್ಟದ್ದು ಹೆಡ್ ಆಫೀಸಿಗೆ ಗೊತ್ತಾಗುತ್ತದೆ. ಆಗ ಮೊದಲು ತೊಂದರೆಯಾಗುವುದು ಆ ಇಬ್ಬರು ಹುಡುಗಿಯರಿಗೆ. ಹಿಂದಿನ ಸಂಜೆ ಸುಜಾತಾ ಫೋನಿನಲ್ಲಿ ಹೇಳಿದ್ದನ್ನೇ ಬರೆದೆ. "ರಾತ್ರಿ ಹಾಲು ಕುಡಿದಳು. ಬ್ರೀದಿಂಗ್ ಈಸ್ ಬೆಟರ್." ಅಂದಿನಿಂದ ಅದು ನನ್ನ ಬೆಳಗಿನ ಕೆಲಸವೇ ಆಯಿತು. ಬಸ್ಸು ಇಳಿದು ಶಟರ್ ಎತ್ತುವ ಮೊದಲು ಎದುರಿನ ಕಾಯಿನ್ ಬಾಕ್ಸಿನಿಂದ ಸುಜಾತಾಳ ಮನೆಗೆ ಫೋನ್ ಮಾಡುತ್ತಿದ್ದೆ. ಮಗು ಮಲಗಿತ್ತಾ, ಗಂಜಿ ತಿಂದಿತಾ, ಕೆಮ್ಮು ಹೇಗಿದೆ. ಸಾವಂತರು ಕೇಳಿದಾಗ ಸುಳ್ಳು ಬರೆಯಬಾರದಲ್ಲ.

ಆ ಧರ್ಮಾಸ್ಪತ್ರೆಯ ವಿಷಯವನ್ನೂ ಬರೆದಿದ್ದೆ. ಒಂದು ದಿನ ಅವರು ಬರೆದರು. ನೀವು ಹೇಳುವ ಆಸ್ಪತ್ರೆಯಲ್ಲಿ ನನ್ನ ಅಕ್ಕ ನರ್ಸ್, ಡಾಕ್ಟರ್ ಹತ್ತಿರ ಮಾತಾಡಿಸುತ್ತೇನೆ, ಮಗುವಿನ ಪೇಪರುಗಳನ್ನು ತಯಾರಿಡಿ. ನಾನು ಎರಡು ರಿಂಗ್ ಕೊಟ್ಟೆ. ಸುಜಾತಾ ವಿಷಯವನ್ನು ಎರಡು ಸಲ ಹೇಳಿಸಿಕೊಂಡಳು. ಆಮೇಲೆ, "ಅವರ ಮುಖ ಹೆಂಗಿದ್ದೀತು ಅಕ್ಕಾ?" ಎಂದಳು. ಈ ಎಲ್ಲ ಮಾತು ನಡೆದದ್ದು ನನ್ನ ಮತ್ತು ಸುಜಾತಾಳ ಸರದಿಯಲ್ಲಿ. ಮಗುವಿಗೆ ಹುಷಾರಿಲ್ಲ ಎಂಬುದು ಜುಬೇದಾಗೆ ಗೊತ್ತಿತ್ತು. ಸಾವಂತರು ಆ ವಿಷಯದಲ್ಲಿ ಕೈಹಾಕಿದ್ದಾರೆ ಎಂಬುದನ್ನು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳದೆ ಬಿಟ್ಟದ್ದಲ್ಲ, ಹೇಳುವ ಸಂದರ್ಭ ಬರಲಿಲ್ಲ, ಅಷ್ಟೆ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ ಪುಟ್ಟಿಗೆ ಉಸಿರು ಕಟ್ಟಿದಂತಾಯಿತೆಂದು ಮನೆಯಿಂದ ಫೋನ್ ಬಂದು ಸುಜಾತಾ ಆಫೀಸ್ ಮುಚ್ಚಿ ಓಡಿದಳು. ರಿಂಗ್ ಕೊಡುವುದು ಎಲ್ಲಿಂದ ನೆನಪಾಗಬೇಕು. ರಿಂಗ್ ಬರದಿದ್ದರೂ ಇಳಿಹೊತ್ತಾಯಿತೆಂದು ಜುಬೇದಾ ತನ್ನ ಸರದಿಗೆ ಒಳಗೆ ಬಂದಳು. ಬಂದದ್ದೇ ಸಾವಂತರ ಪ್ರಶ್ನೆ. ಡಾಕ್ಟರ್ ಒಪ್ಪಿದ್ದಾರೆ, ಯುವರ್ ಬೇಬಿ ತೂಕ ಎಷ್ಟು, ಹಸ್ಬೆಂಡ್ ಜತೆಗೆ ಬರುತ್ತಾರಾ?

ಮದುವೆಯಾಗದ ಹುಡುಗಿ, ಮುಖ ಕಾಣದ ಗಂಡಸು. ಜುಬೇದಾಳ ಮೈಯೆಲ್ಲ ಉರಿಯಿತಂತೆ. "ವಾಟ್ ಬೇಬಿ? ಐ ಆಮ್ ನಾಟ್ ಮ್ಯಾರಿಡ್. ಇಂಥ ಮಾತು ಕೇಳಬೇಡಿ" ಎಂದು ಬರೆದು ಕಂಪ್ಯೂಟರ್ ಆಫ್ ಮಾಡಿಬಿಟ್ಟಳು.

ಮರುದಿನ ಬೆಳಿಗ್ಗೆ ನನಗೆ ಗುಡ್ ಮಾರ್ನಿಂಗ್ ಬರಲಿಲ್ಲ. ಬಂದದ್ದು ಇಷ್ಟು. "ಮೇಡಂ, ನಿಮ್ಮ ಮಾತು ನಂಬಿ ಅಕ್ಕನ ಕಡೆಯಿಂದ ಡಾಕ್ಟರ ಕೈಕಾಲು ಹಿಡಿಸಿದೆ. ನಿಮಗೆ ಮಗು ಉಂಟೋ ಇಲ್ಲವೋ, ನೀವು ಉಪವಾಸ ಮಾಡುವವರೋ ಇಡ್ಲಿ ತಿನ್ನುವವರೋ, ನನಗೆ ಏನೂ ತಿಳಿಯುವುದಿಲ್ಲ. ಕಾಯಿಲೆ ಮಗುವಿನ ಹೆಸರಲ್ಲಿ ಆಟ ಬೇಡ. ಇನ್ನು ಮುಂದೆ ಪಾರ್ಸೆಲ್ ವಿಷಯ ಮಾತ್ರ."

ನಾನು ಇದ್ದದ್ದನ್ನು ಇದ್ದ ಹಾಗೆ ಬರೆದೆ. ನನ್ನ ಕಾನ್ವೆಂಟ್ ಇಂಗ್ಲಿಷನ್ನೆಲ್ಲ ಖರ್ಚು ಮಾಡಿ, ಮೂರು ಆಫೀಸು, ಮೂರು ಹೆಂಗಸರು, ಒಂದೇ ಅಕೌಂಟ್ ಎಂದು ವಿವರಿಸಿದೆ. ಉತ್ತರ ಬಂತು. "ನಿನ್ನೆ ಮದುವೆಯಾಗಿಲ್ಲ ಎಂದವರೂ ನೀವೇ. ಇವತ್ತು ಮೂವರು ಎನ್ನುವವರೂ ನೀವೇ. ಪಾರ್ಸೆಲ್ ನಂಬರ್ ಪ್ಲೀಸ್."

ಅವರದ್ದೇನು ತಪ್ಪು? ಅವರಿಗೆ ಕಾಣುತ್ತಿದ್ದದ್ದು ಒಂದು ಹೆಸರು, ಒಂದು ಹಸಿರು ದೀಪ. ಯಾರು ಬರೆದರೂ ಅಕ್ಷರ ಒಂದೇ ತರಹ. ಕೈಬರಹವಾಗಿದ್ದರೆ ತೋರಿಸಬಹುದಿತ್ತು.

ಜುಬೇದಾ ಫೋನಿನಲ್ಲಿ ಅತ್ತಳು. "ನಂಗೆ ಗೊತ್ತಿರಲಿಲ್ಲ ಆಂಟಿ, ಅಲ್ಲಾಹ್ ಕಸಮ್. ನಾನು ಅವ ಬೇರೆ ಎಂತದೋ ಕೇಳ್ತಾನೆ ಅಂದ್ಕೊಂಡೆ. ಅಬ್ಬಾಗೆ ತಿಳಿದ್ರೆ ಕೆಲಸ ಬಿಡಿಸ್ತಾರೆ ಅಂತ ಹೆದರಿಕೆ."

"ನೀನು ಬರೆದದ್ದು ಸರಿಯೇ. ನಿನ್ನ ಜಾಗದಲ್ಲಿ ನಾನಿದ್ದರೂ ಹಾಗೇ ಬರೆಯುತ್ತಿದ್ದೆ" ಎಂದೆ.

ಸುಜಾತಾ ಅಳಲಿಲ್ಲ. ಅದೇ ನನಗೆ ಹೆದರಿಕೆಯಾದದ್ದು. "ಹೋಗ್ಲಿ ಬಿಡಿ ಅಕ್ಕಾ. ಅದರ ಹಣೆಬರಹದಲ್ಲಿ ಇದ್ದಂಗೆ ಆತು" ಎಂದು ಫೋನ್ ಇಟ್ಟಳು. ಅವಳ ಗಂಡ ಮುಂಬಯಿಗೆ ಹೋಗಿ ಆಸ್ಪತ್ರೆ ಬಾಗಿಲಲ್ಲಿ ನಿಂತರೂ ಹೆಸರು ಕರೆಯುವುದು ಯಾವ ಕಾಲಕ್ಕೋ. ಆ ಮಗುವಿಗೆ ಅಷ್ಟು ಕಾಲ ಇತ್ತೋ ಇಲ್ಲವೋ.

ಉಪಾಯ ಹೇಳಿದವಳು ಜುಬೇದಾ. ಭಟ್ಕಳದಲ್ಲಿ ಆಗ ಮನೆಗೊಬ್ಬರು ದುಬೈಯಲ್ಲೋ ಸೌದಿಯಲ್ಲೋ ಇದ್ದರು. ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಸೈಬರ್ ಸೆಂಟರಿಗೆ ಬಂದು ವೆಬ್‌ಕ್ಯಾಮ್ ಮುಂದೆ ಕೂತು ಗಂಡಂದಿರಿಗೆ ಮುಖ ತೋರಿಸುವುದು ಅಲ್ಲಿ ವಾಡಿಕೆಯಾಗಿತ್ತು. ಅಂಥ ಒಂದು ಸೆಂಟರ್ ಅವಳ ಮಾಮುವಿನದೇ, ಅಂದರೆ ತಾಯಿಯ ತಮ್ಮನದು.

"ನಾವು ಮೂರೂ ಜನ ಒಟ್ಟಿಗೆ ಕೂತ್ಕೊಂಡು ತೋರ್ಸುವ ಆಂಟಿ. ಕಣ್ಣಲ್ಲಿ ನೋಡಿದ್ರೆ ನಂಬೂದಿಲ್ವಾ?"

"ನೀನು ಕ್ಯಾಮೆರಾ ಎದುರು ಕೂರುತ್ತೀಯೇನೆ? ಪರ ಗಂಡಸು."

ಅವಳು, "ಅಮ್ಮಿಗೆ ಕೇಳ್ದೆ. ಮಗುವಿಗಾದ್ರೆ ಕೂರು, ಮಾಮು ಹಿಂದೆ ನಿಲ್ಲಲಿ ಅಂದ್ರು" ಎಂದಳು.

ಶನಿವಾರ ನಾನು ಶಟರ್ ಬೇಗ ಎಳೆದು ಬಸ್ಸು ಹತ್ತಿದೆ. ಹೊನ್ನಾವರದಲ್ಲಿ ಸುಜಾತಾ ಮಗುವನ್ನು ಎತ್ತಿಕೊಂಡು ಹತ್ತಿದಳು. ಶರಾವತಿ ಸೇತುವೆ ದಾಟುವಾಗ ಪುಟ್ಟಿ ಕಿಟಕಿಯಿಂದ ದೋಣಿ ನೋಡಿ ಕೈ ತೋರಿಸಿತು, ಆಮೇಲೆ ಅಷ್ಟಕ್ಕೇ ದಣಿದು ನನ್ನ ಭುಜಕ್ಕೆ ತಲೆ ಇಟ್ಟಿತು. ಅಷ್ಟು ದಿನ ಅದರ ಊಟ ನಿದ್ದೆಯ ವರದಿ ಬರೆದಿದ್ದೆ. ಎತ್ತಿಕೊಂಡದ್ದು ಅದೇ ಮೊದಲು. ಹೂವಿನ ಬುಟ್ಟಿಯಷ್ಟೂ ಭಾರವಿರಲಿಲ್ಲ.

ಸೈಬರ್ ಸೆಂಟರಿನಲ್ಲಿ ಮಾಮು ನಮಗೆ ಮೂಲೆಯ ಕಂಪ್ಯೂಟರ್ ಬಿಟ್ಟುಕೊಟ್ಟಿದ್ದರು. ಸಣ್ಣ ಗಡ್ಡದ, ಬಾಯ್ತುಂಬ ಮಾತಿನ ಮನುಷ್ಯ. "ಒಂದು ಐಡಿಯಲ್ಲಿ ಮೂರು ಜನ ಸಂಸಾರ ಮಾಡಿದ್ರಾ? ನಮ್ಮಲ್ಲಿ ಒಂದು ಮನೇಲಿ ಎರಡು ಸೊಸೆ ಇದ್ರೆ ಆಗೂದಿಲ್ಲ" ಎಂದು ನಗಿಸಿದರು. ಒಂದು ಬೆಂಚಿನ ಮೇಲೆ ಮೂವರೂ ಒತ್ತಿ ಕೂತೆವು. ಅಷ್ಟು ದಿನ ಒಂದೇ ಹೆಸರಲ್ಲಿ ಬದುಕಿದ ನಾವು ಮೂವರೂ ಒಟ್ಟಿಗೆ ಕೂತದ್ದು ಅದೇ ಮೊದಲ ಸಲ ಎಂಬುದು ನನಗೆ ಆಗ ಹೊಳೆಯಿತು.

ನಾನು ಪಾಸ್‌ವರ್ಡ್ ಹಾಕಿದೆ. ಸಾವಂತರ ದೀಪ ಹಸಿರು ಇತ್ತು. ನಮ್ಮ ಕ್ಯಾಮೆರಾ ನೋಡಲು ಒಪ್ಪುತ್ತೀರಾ ಎಂಬ ಸಂದೇಶ ಕಳಿಸಿದೆ. ಉತ್ತರವಿಲ್ಲ. ಮತ್ತೆ ಕಳಿಸಿದೆ. ಅವರು ಬೇಡ ಎಂದು ಒತ್ತಿದರು. ಸುಜಾತಾ ಮಗುವಿನ ಫ್ರಾಕು ಸರಿಮಾಡುತ್ತಾ ನೆಲ ನೋಡುತ್ತಿದ್ದಳು. ನಾನು ಬರೆದೆ. "ಸರ್, ಒಂದು ಸಲ ಯೆಸ್ ಒತ್ತಿ. ನೋಡಿದ ಮೇಲೂ ನಂಬಿಕೆ ಬರದಿದ್ದರೆ ನಾನು ಪಾರ್ಸೆಲ್ ನಂಬರ್ ಬಿಟ್ಟು ಬೇರೆ ಒಂದು ಅಕ್ಷರ ಬರೆಯುವುದಿಲ್ಲ."

ಪರದೆಯ ಮೂಲೆಯಲ್ಲಿ ನಮ್ಮದೇ ಚಿತ್ರ ಅಂಚೆ ಚೀಟಿಯಷ್ಟು ಮೂಡಿತು. ನೋಡುತ್ತಿದ್ದಾರೆ ಎಂದು ಮಾಮು ಪಿಸುಗುಟ್ಟಿದರು. ಸಾವಂತರ ಕಡೆ ಕ್ಯಾಮೆರಾ ಇರಲಿಲ್ಲ. ಅವರಿಗೆ ನಾವು ಕಾಣುತ್ತಿದ್ದೆವು, ನಮಗೆ ಅವರು ಕಾಣುತ್ತಿರಲಿಲ್ಲ. ಅವರು ಟೈಪ್ ಮಾಡುತ್ತಿದ್ದಾರೆ ಎಂಬ ಒಂದು ಸಾಲು ಮಾತ್ರ ಕೆಳಗೆ ಬರುವುದು, ಹೋಗುವುದು, ಮತ್ತೆ ಬರುವುದು. ನನ್ನ ಜೀವಮಾನದಲ್ಲಿ ನಾನು ಅಷ್ಟು ಗಮನವಿಟ್ಟು ಯಾವ ಸಾಲನ್ನೂ ಓದಿಲ್ಲ.

ಕೊನೆಗೆ ಪ್ರಶ್ನೆ ಬಂತು. "ಉಪವಾಸ ಮಾಡಿದವರು ಯಾರು?"

ಜುಬೇದಾ ದುಪ್ಪಟ್ಟಾ ಸರಿಮಾಡಿಕೊಂಡು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿದಳು.

"ಯಾರ ತಾಯಿಗೆ ಕಣ್ಣಿನ ಆಪರೇಷನ್?"

ನಾನು ಎತ್ತಿದೆ.

"ಬೇಬಿ?"

ಸುಜಾತಾ ತನ್ನ ಕೈ ಎತ್ತಲಿಲ್ಲ. ಮಗುವಿನ ಕೈ ಎತ್ತಿದಳು. ಪುಟ್ಟಿ ಇದೆಲ್ಲ ಆಟ ಎಂದುಕೊಂಡು ಇನ್ನೊಂದು ಕೈಯನ್ನೂ ಎತ್ತಿ, ಕ್ಯಾಮೆರಾ ಹಿಡಿಯಲು ಮುಂದೆ ಬಾಗಿತು. ಚಿತ್ರದ ತುಂಬ ಅದರ ಮುಖವೇ. ಆ ತುಟಿಯ ಬಣ್ಣ ಅಂಚೆ ಚೀಟಿಯಷ್ಟು ಚಿತ್ರದಲ್ಲೂ ಕಾಣುತ್ತಿತ್ತು.

ಕೆಳಗಿನ ಸಾಲು ಬಹಳ ಹೊತ್ತು ಬರಲಿಲ್ಲ. ಆಮೇಲೆ ಅಕ್ಷರಗಳು ಬಂದವು. "ಬೆಳಿಗ್ಗೆ ಬರೆಯುವ ಮೇಡಂ, ಐ ಆಮ್ ಸಾರಿ. ಡಾಕ್ಟರಿಗೆ ಹೇಳಿದ್ದನ್ನು ನಾನು ಇನ್ನೂ ಕ್ಯಾನ್ಸಲ್ ಮಾಡಿಲ್ಲ. ಮನಸ್ಸು ಬರಲಿಲ್ಲ. ಗುರುವಾರ ಬನ್ನಿ. ಗೇಟಿನ ಹತ್ತಿರ ನಾನೇ ಇರುತ್ತೇನೆ."

ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಸುಜಾತಾ ಆಗ ಅತ್ತಳು. ಜುಬೇದಾ ಅವಳನ್ನು ತಬ್ಬಿಕೊಂಡಳು. ಮಾಮು, "ರೋಯಿಯೇ ಮತ್, ಅಳಬೇಡಿ, ಕ್ಯಾಮೆರಾ ಇನ್ನೂ ಚಾಲೂ ಉಂಟು, ಅವರು ಎಂತ ತಿಳೀತಾರೆ" ಎಂದು ಹೇಳುತ್ತಾ ತಾವೇ ಕಣ್ಣು ಒರೆಸಿಕೊಂಡು ಚಹಾ ತರಿಸಲು ಹೋದರು.

ಸುಜಾತಾ, ಅವಳ ಗಂಡ, ಮಗು ಕೊಂಕಣ ರೈಲಿನಲ್ಲಿ ಹೋದರು. ಆಪರೇಷನ್ ಆಯಿತು. ತಿರುಗಿ ಬಂದ ಮೇಲೆ ನಾನು ಹೊನ್ನಾವರಕ್ಕೆ ಹೋಗಿ ಕೇಳಿದ ಮೊದಲ ಪ್ರಶ್ನೆ ನಾಚಿಕೆಯದ್ದು. "ಅವರು ಹೇಗಿದ್ದಾರೆ ನೋಡಲು?"

"ಎಂತ ಹೇಳೂದು ಅಕ್ಕಾ. ನಮ್ಮ ಕಡೆ ಮೇಷ್ಟ್ರು ಇರ್ತಾರಲ್ಲ, ಹಂಗೆ. ತೆಳ್ಳಗೆ, ಕೈಯಲ್ಲಿ ಕೊಡೆ. ಗೇಟಲ್ಲಿ ನಮ್ಮನ್ನ ನೋಡಿದ್ದೇ ಮಗು ಎತ್ಕೊಂಡ್ರು. ಎತ್ಕೊಂಡು ಕೇಳಿದ್ದು ಎಂತ ಗೊತ್ತದ್ಯಾ? ಬೆಳಿಗ್ಗೆ ಮೇಡಮ್ಮನ ತಾಯಿಗೆ ಈಗ ಕಣ್ಣು ಕಾಣ್ತದಾ ಅಂತ. ಸಂಜೆ ಮೇಡಂ ನನ್ ಮೇಲೆ ಸಿಟ್ಟು ಮಾಡ್ಕೊಂಡಿದಾರಾ ಅಂತ."

ನಮ್ಮನ್ನು ಅವರು ಮೂವರಾಗಿ ಬಿಡಿಸಿ ಇಟ್ಟುಕೊಂಡಿದ್ದರು. ಒಬ್ಬೊಬ್ಬರ ಮಾತು ಒಬ್ಬೊಬ್ಬರಿಗೆ.

ಹೆಡ್ ಆಫೀಸಿನ ಮೇಲಿನವರಿಗೆ ಅವರು ದೂರು ಹೇಳಲಿಲ್ಲ. ಬದಲು, ಮೂರು ಆಫೀಸಿಗೂ ಬೇರೆ ಬೇರೆ ಅಕೌಂಟ್ ಬೇಕು ಎಂದು ಬರೆದು ಮಾಡಿಸಿಕೊಟ್ಟರು. ಅದು ಸರಿಯಾದದ್ದೇ. ಸರದಿ ತಪ್ಪಿತು, ರಿಂಗ್ ತಪ್ಪಿತು, ಯಾರೂ ಯಾರನ್ನೂ ಹೊರಗೆ ಹಾಕುವ ಗೋಜಿಲ್ಲ. ಆದರೆ ನನ್ನ ದೀಪದ ಎದುರು ಕೂತಾಗ ನನ್ನ ಬೆಳಗು ಖಾಲಿ ಅನಿಸುತ್ತಿತ್ತು. ಮಗುವಿನ ವಿಷಯ ಈಗ ಸುಜಾತಾಳ ಹೆಸರಿಗೆ ಹೋಗುತ್ತದೆ, ರಂಜಾನಿನ ಶುಭಾಶಯ ಜುಬೇದಾಳ ಹೆಸರಿಗೆ. ನನಗೆ ಉಳಿದದ್ದು ಅಮ್ಮನ ಕಣ್ಣು. ಮರುವರ್ಷ ಅಮ್ಮನೂ ಹೋದಳು.

ನಾನು ರಿಟೈರ್ ಆದ ದಿನ ಕೊನೆಯ ಪಾರ್ಸೆಲ್ಲಿನ ನಂಬರ್ ಬರೆದು, ಸಾವಂತರಿಗೆ ಥ್ಯಾಂಕ್ಸ್ ಹೇಳಿ, ಇನ್ನು ಏಳಬೇಕು ಎನ್ನುವಾಗ ಆ ಹಳೆಯ ಸಾಲು ಕೆಳಗೆ ಬಂತು. ಅವರು ಟೈಪ್ ಮಾಡುತ್ತಿದ್ದಾರೆ. ಅಮ್ಮ ಇಲ್ಲ ಎಂಬುದು ಅವರಿಗೆ ಗೊತ್ತು. ನನಗೆ ಮಗುವಿಲ್ಲ ಎಂಬುದಂತೂ ಚೆನ್ನಾಗಿಯೇ ಗೊತ್ತು. ಆದರೂ ಬರೆದರು. "ಬೇಬಿ ಓಕೆ ಮೇಡಂ?"

ಅವತ್ತು ಬೆಳಿಗ್ಗೆಯೂ ನಾನು ಹೊನ್ನಾವರಕ್ಕೆ ಫೋನ್ ಮಾಡಿದ್ದೆ. ಆ ರೂಢಿ ಬಿಟ್ಟಿರಲಿಲ್ಲ, ಈಗಲೂ ಬಿಟ್ಟಿಲ್ಲ. "ಓಕೆ ಸರ್. ಅಂಗನವಾಡಿಯಿಂದ ಓಡಿಕೊಂಡೇ ಮನೆಗೆ ಬರುತ್ತಾಳಂತೆ. ಕರೆದರೂ ನಿಲ್ಲುವುದಿಲ್ಲವಂತೆ" ಎಂದು ಬರೆದು, ನನ್ನ ದೀಪ ಆರಿಸಿ, ಶಟರ್ ಎಳೆದೆ.